ಹಂಡೆಗೆ ಕಿಟ್ಲಿ ಎಂದವರು

೧೧ ನವೆಂಬರ್ ೧೯೩೩, ಶನಿವಾರ. ವಾಡಿ

ಇಂಗ್ಲಿಷಿನಲ್ಲಿ ಬರೆದರೆ ಯಾರಾದರೂ ಓದುತ್ತಾರೆ. ಸೋಲಾಪುರದ ಮಿಷನ್ ಹಾಸ್ಟೆಲಿನಲ್ಲಿ ಮೇಟ್ರನ್ ನನ್ನ ದಿನಚರಿ ಓದಿ, ತಪ್ಪಿದ್ದಲ್ಲಿ ಕೆಂಪು ಗೆರೆ ಎಳೆದು ವಾಪಸು ಕೊಡುತ್ತಿದ್ದರು. ಕನ್ನಡ ಅವರಿಗೆ ಬರುತ್ತಿರಲಿಲ್ಲ. ಆಗಿನಿಂದ ನನ್ನ ಗುಟ್ಟುಗಳೆಲ್ಲ ಕನ್ನಡದಲ್ಲಿವೆ.

ಸೇಡಂನಲ್ಲಿ ಅವ್ವನ ಹತ್ತಿರ ರಜೆ ಕಳೆದು ಬೆಳಿಗ್ಗೆ ಗಾಡಿ ಹತ್ತಿದೆ. ವಾಡಿಯಲ್ಲಿ ಇಳಿದು ಮುಂಬಯಿ ಗಾಡಿ ಹಿಡಿಯಬೇಕಿತ್ತು. ನಮ್ಮ ಡಬ್ಬಿಯಲ್ಲಿದ್ದ ಒಬ್ಬ ಗಂಡಸನ್ನು ಚಿತ್ತಾಪುರದಲ್ಲಿ ಎತ್ತಿ ಇಳಿಸಿದರು. ವಾಂತಿ, ಭೇದಿ. ಅವನು ಸತ್ತ ಸುದ್ದಿ ತಂತಿಯ ಮೂಲಕ ನಮಗಿಂತ ಮೊದಲೇ ವಾಡಿ ಮುಟ್ಟಿತ್ತು. ಇಲ್ಲಿ ಡಬ್ಬಿಯನ್ನು ಬಿಚ್ಚಿ ಬೇರೆ ಮಾಡಿದರು. ಅದರಲ್ಲಿದ್ದ ಇಪ್ಪತ್ತಾರು ಜನರನ್ನು ಸ್ಟೇಷನ್ನಿನಿಂದ ಒಂದು ಮೈಲಿ ನಡೆಸಿ, ನೆಲಕ್ಕೆ ಹಾಸುವ ಫರಸಿ ಕಲ್ಲು ಪೇರಿಸಿದ ಬಯಲಿನಲ್ಲಿ ಎರಡು ತಗಡಿನ ಶೆಡ್ಡುಗಳೊಳಗೆ ಬಿಟ್ಟರು. ಸುತ್ತ ಹಗ್ಗ, ಹಗ್ಗಕ್ಕೆ ಕೆಂಪು ಬಟ್ಟೆ, ಮೂಲೆಗೊಬ್ಬ ಸಿಪಾಯಿ.

ಏಳು ದಿನ ಯಾರಿಗೂ ಹೊಸದಾಗಿ ಕಾಲರಾ ಆಗದಿದ್ದರೆ ಬಿಡುತ್ತಾರೆ. ಒಬ್ಬರಿಗೆ ಆದರೂ ಎಲ್ಲರಿಗೂ ಎಣಿಕೆ ಮತ್ತೆ ಒಂದರಿಂದ.

ಜಮಾದಾರ ಶೌಕತ ಅಲಿಗೆ ಇಂಗ್ಲಿಷಿನಲ್ಲಿ ಹೇಳಿದೆ: ನಾನು ಕಾಲೇಜಿನ ವಿದ್ಯಾರ್ಥಿನಿ, ನನ್ನ ತಂದೆ ಇಂಗ್ಲೆಂಡಿನವರು. ಆತ ನನ್ನ ಮುಖ, ನನ್ನ ಫ್ರಾಕು, ಅವ್ವ ಕಟ್ಟಿಕೊಟ್ಟ ರೊಟ್ಟಿಯ ಗಂಟು ಮೂರನ್ನೂ ನೋಡಿದ. “ಹೈಜಾಕ್ಕ ಇಂಗ್ಲಿಷ್ ಬರಂಗಿಲ್ಲ ಬೇಟಿ. ಒಳಗ ನಡಿ.” ಇಲ್ಲಿಯವರು ಕಾಲರಾಕ್ಕೆ ಹೈಜಾ ಎನ್ನುತ್ತಾರೆ. ಹೆಂಗಸರು ಅದನ್ನೂ ಎನ್ನುವುದಿಲ್ಲ, “ಅದು” ಎನ್ನುತ್ತಾರೆ.

ಇಪ್ಪತ್ತೆರಡನೇ ತಾರೀಖು, ಬುಧವಾರ, ಬೆಳಿಗ್ಗೆ ಹನ್ನೊಂದಕ್ಕೆ ಮುಂಬಯಿಯಲ್ಲಿ ನನ್ನ ಮೌಖಿಕ ಪರೀಕ್ಷೆ. ಮೂವರು ಪರೀಕ್ಷಕರು, ಇಂಗ್ಲೆಂಡಿನ ಕಾಲೇಜಿನಲ್ಲಿ ಒಂದೇ ಒಂದು ಜಾಗ. ಅಪ್ಪ ಶಹಾಬಾದಿನ ಕಲ್ಲುಗಣಿ ಅಳೆಯಲು ಬಂದವರು, ನನಗೆ ಮೂರು ವರ್ಷವಿದ್ದಾಗ ತೀರಿಕೊಂಡರು. ಅವರ ದೇಶವನ್ನು ನೋಡಲು ನನಗೆ ಇನ್ನೊಂದು ಬಾಗಿಲಿಲ್ಲ. ಹೋಗದಿದ್ದರೆ ಮುಂದಿನ ವರ್ಷ ಕೇಳುವಂತೆಯೂ ಇಲ್ಲ.

ಏಳು ದಿನ ಎಂದರೆ ಹದಿನೆಂಟು. ಸಾಕು. ಸಾಕಾಗುತ್ತದೆ. ನಾಡಿ ಎರಡು ಸಲ ನೋಡಿಕೊಂಡೆ.

೧೨ ನವೆಂಬರ್, ಭಾನುವಾರ

ರಾತ್ರಿಯಿಡೀ ಈ ಜನರ ಕೆಮ್ಮು, ಗೊರಕೆ, ಎಲೆಯಡಿಕೆಯ ವಾಸನೆ. ಪಕ್ಕದಲ್ಲಿ ಮಲಗುವ ಹೆಂಗಸು ಸಾಬಮ್ಮ, ಕುರಕುಂಟಾದವಳು. ಅವಳ ಗಂಡ ಶಹಾಬಾದಿನಲ್ಲಿ ಕಲ್ಲು ಒಡೆಯುತ್ತಾನೆ, ಅವನಿಗೆಂದು ರೊಟ್ಟಿಗೆ ಹಚ್ಚಿಕೊಳ್ಳುವ ಶೇಂಗಾ ಹಿಂಡಿ ಒಯ್ಯುತ್ತಿದ್ದಳು. ನಿದ್ದೆಯಲ್ಲಿ ಕಾಲು ನನ್ನ ಮೇಲೆ ಹಾಕುತ್ತಾಳೆ.

ಪರೀಕ್ಷೆಗೆಂದು ಬರೆದ ಪ್ರಬಂಧ ತೆಗೆದು ಕುಳಿತೆ. ಪ್ರೊಫೆಸರ್ ಕೊಟ್ಟ ವಿಷಯ ಒಂದೇ ಶಬ್ದ. ಇಂಗ್ಲಿಷರು, ಜರ್ಮನ್ನರು, ಸ್ವೀಡನ್ನಿನವರು ಇವರೆಲ್ಲರ ಪೂರ್ವಜರು ಎರಡು ಸಾವಿರ ವರ್ಷದ ಹಿಂದೆ ಒಂದೇ ಭಾಷೆ ಆಡುತ್ತಿದ್ದರು, ಆದರೆ ಬರೆದಿಡಲಿಲ್ಲ. ಇಂಗ್ಲಿಷಿನ ಕೆಟಲ್, ಜರ್ಮನ್ನಿನ ಕೆಸೆಲ್, ಸ್ವೀಡನ್ ಕಡೆಯ ಹಳೆಯ ನಾರ್ಸ್ ಭಾಷೆಯ ಕೆಟಿಲ್ ಇವನ್ನು ಪಕ್ಕಪಕ್ಕ ಇಟ್ಟು, ಇವುಗಳ ತಾಯಿ ಹೀಗಿದ್ದಿರಬೇಕು ಎಂದು ಪಂಡಿತರು ಕಟ್ಟಿದ ಶಬ್ದ ‘ಕಟಿಲಜ್’. ಅದರ ಮುಂದೆ ಒಂದು ನಕ್ಷತ್ರ ಹಾಕುತ್ತಾರೆ. ಬರಹದಲ್ಲಿ ಯಾರೂ ಕಂಡಿಲ್ಲ, ಆದರೆ ಇದ್ದಿರಲೇಬೇಕು ಎಂಬುದಕ್ಕೆ ಆ ಗುರುತು. ಬೆಂಕಿಯ ಮೇಲಿಡುವ ದೊಡ್ಡ ಪಾತ್ರೆಗೆ ಅದು ಹೆಸರು. ರೋಮನ್ನರ ‘ಕಟಿಲ್ಲುಸ್’ ಎಂಬ ಶಬ್ದದಿಂದ ಬಂತೆಂದು ಬಹಳ ಜನ ಹೇಳುತ್ತಾರೆ. ತೊಡಕು ಅಲ್ಲೇ ಇದೆ. ಕಟಿಲ್ಲುಸ್ ಎಂದರೆ ಚಿಕ್ಕ ಬಟ್ಟಲು. ಬಟ್ಟಲಿನ ಹೆಸರು ಕಡಾಯಿಗೆ ಹೇಗೆ ಹೋಯಿತು? ಪರೀಕ್ಷಕರು ಇದನ್ನೇ ಕೇಳುತ್ತಾರೆ. ನನ್ನ ಆರು ಪುಟದಲ್ಲಿ ಉತ್ತರವಿಲ್ಲ. ‘ನಾಗರಿಕರು ಕೊಟ್ಟರು, ಕಾಡುಜನ ತೆಗೆದುಕೊಂಡರು’ ಎಂದು ತೇಲಿಸಿಬಿಟ್ಟಿದ್ದೇನೆ.

ಕುಡಿಯುವ ನೀರನ್ನೆಲ್ಲ ಕುದಿಸಬೇಕೆಂದು ರೇಲ್ವೆ ಡಾಕ್ಟರರ ಹುಕುಂ. ಅದಕ್ಕೆ ಕಳಿಸಿದ ತಾಮ್ರದ ಹಂಡೆಯೊಳಗೆ ಹಸಿರು ಕಿಲುಬು ಕಟ್ಟಿತ್ತು. ನಮ್ಮ ಜೊತೆ ಸಿಕ್ಕಿಕೊಂಡವರಲ್ಲಿ ಹಾಜಿಮಲಂಗ್ ಎಂಬ ಮುದುಕ ಇದ್ದಾನೆ, ಊರೂರು ತಿರುಗಿ ಪಾತ್ರೆಗಳಿಗೆ ಕಲಾಯಿ ಮಾಡುವವನು. ಅವನ ಹೆಂಡತಿ ಆಶಾಬಿ ತಿದಿ ಒತ್ತಿದಳು. ಅವನು ಕಾದ ಹಂಡೆಯೊಳಗೆ ನವಸಾಗರದ ಪುಡಿ ಎರಚಿ, ತವರದ ಕಡ್ಡಿ ಮುಟ್ಟಿಸಿ, ಅರಳೆಯಿಂದ ಒಂದು ಸುತ್ತು ಎಳೆದ. ಬಿಳಿ ಹೊಗೆ ಸರಿದಾಗ ಒಳಗೆಲ್ಲ ಬೆಳ್ಳಿ. ಎಲ್ಲರೂ ಬಗ್ಗಿ ಮುಖ ನೋಡಿಕೊಂಡರು. ನಾನೂ.

ನೀರು ಹಂಚಲು ಹಾಜಿಮಲಂಗ್ ನನ್ನ ಹಾಸ್ಟೆಲಿನ ಕೆಟಲ್ ಕೇಳಿದ. “ಬೇಟಿ, ನಿನ್ನ ಕಿಟ್ಲಿ ಕೊಡು, ಮೂತಿ ಉದ್ದ ಅದ.” ಕೊಟ್ಟೆ. ಬೆಂಕಿಯ ಮಸಿ ಹತ್ತಿದರೆ ಹೋಗುವುದಿಲ್ಲ ಎಂದೂ ಹೇಳಿದೆ.

೧೩ ನವೆಂಬರ್, ಸೋಮವಾರ

ಗಂಡಸರ ಶೆಡ್ಡಿನಲ್ಲಿ ಒಬ್ಬ ಮುದುಕ ನಿನ್ನೆ ಸಂಜೆ ಬಿದ್ದ. ಬೇವಿನ ಮರದಾಚೆಯ ಗುಡಿಸಲಿಗೆ ಹೊತ್ತುಕೊಂಡು ಹೋದರು. ಇವತ್ತು ಕೌದಿಯಲ್ಲಿ ಸುತ್ತಿ ಹೊರಗೆ ತಂದರು.

ಎಣಿಕೆ ಮತ್ತೆ ಒಂದರಿಂದ. ಹತ್ತೊಂಬತ್ತಕ್ಕೆ ಏಳು ತುಂಬುತ್ತದೆ. ಇಪ್ಪತ್ತರ ಬೆಳಿಗ್ಗೆ ಬಿಡುಗಡೆ, ಮಧ್ಯಾಹ್ನ ಮುಂಬಯಿ ಗಾಡಿ. ಇನ್ನೊಬ್ಬರು ಬಿದ್ದರೆ ಮುಗಿಯಿತು.

ಎಲ್ಲರ ಮುಖ ನೋಡುತ್ತ ಕುಳಿತಿದ್ದೆ. ಯಾರು? ಯಾರಾದರೂ ಹೊಟ್ಟೆ ಹಿಡಿದುಕೊಂಡರೆ ನನ್ನ ಎದೆ ಹಾರುತ್ತದೆ. ಕನಿಕರದಿಂದಲ್ಲ.

೧೪ ನವೆಂಬರ್, ಮಂಗಳವಾರ

ನೀರಿಗಾಗಿ ಜಗಳ. ಮಡಿವಾಳಯ್ಯ ಎಂಬ ಸೇಡಂ ಕಡೆಯ ಅಯ್ಯನವರು ಎರಡು ದಿನದಿಂದ ಹಂಡೆಯ ನೀರು ಮುಟ್ಟಿರಲಿಲ್ಲ. ತಮ್ಮ ಚರಿಗೆಯಲ್ಲಿ ತಂದ ನೀರನ್ನೇ ಗುಟುಕರಿಸುತ್ತಿದ್ದರು. ಇವತ್ತು ಅದು ತೀರಿತು.

“ಅವರು ಹಚ್ಚಿದ ಒಲಿ, ಅವರು ಕಾಸಿದ ನೀರು. ನನಗ ನಡೆಂಗಿಲ್ಲ.”

ಸಾಬಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. “ಅಯ್ಯನೋರ, ನಮ್ಮೂರಾಗ ನೀವು ಬಂದಾಗ ಹುಗ್ಗಿ ಮಾಡ್ತೀವಲ್ಲ, ಆ ಗುಂಡಿಗಿ ಕಲಾಯಿ ಮಾಡಿದವರು ಯಾರಂತ ತಿಳಿದೀರಿ? ಇದ ಮುದುಕ. ಉಣ್ಣಾಗ ಕೇಳಲಿಲ್ಲ, ಈಗ ಕೇಳ್ಲಿಕತ್ತೀರಿ?”

“ಎರಡು ಸಲ ಉಂಡಾರ,” ಎಂದ ಹಾಜಿಮಲಂಗ್, ಒಲೆ ಊದುತ್ತ. “ತುಪ್ಪ ಕಡಿಮಿ ಆತಂತ ಬೈದಿದ್ದೂ ಕೇಳೀನಿ.”

ಎಲ್ಲರೂ ನಕ್ಕರು. ಅಯ್ಯನವರಿಗೂ ಮೀಸೆಯೊಳಗೆ ನಗು ಬಂತು, ತಡೆದುಕೊಂಡರು. ಕೊನೆಗೆ ನನ್ನ ಕಡೆ ಬೆರಳು ತೋರಿಸಿದರು. “ಆಕಿ ಮ್ಯಾಲಿಂದ ಹೊಯ್ಯಲಿ. ಆಕಿ ಯಾರಾಕಿನೂ ಅಲ್ಲ.”

ಹೀಗೆ ಆ ಕೆಲಸ ನನಗೆ ಬಿತ್ತು. ನಾಲ್ಕು ಹೊತ್ತು ಹಂಡೆಯಿಂದ ಕೆಟಲ್ ತುಂಬಿಕೊಂಡು, ಆರಿದ ಮೇಲೆ, ಯಾರ ಚರಿಗೆಗೂ ತಾಗದ ಹಾಗೆ ಎತ್ತರದಿಂದ ಹೊಯ್ಯಬೇಕು. ಯಾರವಳೂ ಅಲ್ಲದ್ದಕ್ಕೆ ಸಿಕ್ಕ ನೌಕರಿ. ತೋಳು ನೋಯುತ್ತಿದೆ. ಆ ಮಾತು ಕೂಡ.

೧೫ ನವೆಂಬರ್, ಬುಧವಾರ

ಸಿಕ್ಕಿತು!

ಹಾಜಿಮಲಂಗ್ ಬೆಳಿಗ್ಗೆ ಕೂಗಿದ: “ಕಿಟ್ಲಿ ಕುದೀಲಿಕತ್ತದ! ಚರಿಗಿ ತಗೊಂಡ ಬರ್ರೀ!” ಕುದಿಯುತ್ತಿದ್ದದ್ದು ಹಂಡೆ. ನನ್ನ ಕೆಟಲ್ ಬೋರಲಾಗಿ ಕಲ್ಲಿನ ಮೇಲೆ ಒಣಗುತ್ತಿತ್ತು. ಮಧ್ಯಾಹ್ನ ಸಾಬಮ್ಮ ಎಂದಳು, “ಕಿಟ್ಲಿ ಅಡೀಗಿ ಕಟಗಿ ಕಡಿಮಿ ಆಗ್ಯಾವ.” ಶೌಕತ ಅಲಿಯೂ ಕಿಟ್ಲಿ ತೊಳೆಯಲು ಇಬ್ಬರು ಬೇಕು ಎಂದ. ಹನ್ನೆರಡು ಕೊಡ ನೀರು ಹಿಡಿಯುವ ಹಂಡೆಗೆ!

ಅವರಿಗೆ ನೀರು ಬರುವುದು ಕಿಟ್ಲಿಯಿಂದ. ಕೈಯ ಹತ್ತಿರ ಬರುವುದು ಅದೇ, ಕಣ್ಣಿಗೆ ಕಾಣುವುದು ಅದೇ. ಹಾಗಾಗಿ ನೀರಿರುವ ಜಾಗಕ್ಕೆಲ್ಲ ಅದರ ಹೆಸರೇ ಹೋಗಿ ಕುಳಿತಿದೆ. ಆ ಕಾಡಿನ ಜನವೂ ದೊಡ್ಡ ಪಾತ್ರೆಯಿಂದ ಬಟ್ಟಲಲ್ಲಿ ಹಂಚಿಕೊಂಡೇ ಉಂಡಿರಬೇಕಲ್ಲವೇ? ಬಟ್ಟಲಿನ ಹೆಸರು ಕಡಾಯಿಗೆ ಹೀಗೆ ಹೋಗಿರಬಹುದಲ್ಲ? ಯಾವ ಪುಸ್ತಕದಲ್ಲೂ ನಾನು ಓದಿಲ್ಲ. ಪರೀಕ್ಷಕರ ಮುಂದೆ ಹೇಳುವುದನ್ನು ಇಂಗ್ಲಿಷಿನಲ್ಲಿ ಐದು ಸಲ ಉರುಹೊಡೆದೆ. ಅವರು ನಗುವುದಿಲ್ಲ ತಾನೇ?

ಹಾಜಿಮಲಂಗನನ್ನೂ ಕೇಳಿದೆ. “ಹೆಸರು ನಮ್ಮ ಗಂಟಿನ್ಯಾಗ ಇರ್ತಾವ, ಬೇಟಿ. ತೆಂಗಳಿ ಊರಾಗ ಹಂಡೇವು ಅಂತಾರ, ಚಿಂಚೋಳಿ ಕಡಿ ತೆಲುಗು ಮಂದಿ ಕಾಗು ಅಂತಾರ, ನಮ್ಮ ಮನ್ಯಾಗ ಡೇಗ. ನಾ ಯಾವ ಮನಿ ಮುಂದ ಏನಂತೀನೋ ನನಗ ನೆನಪಿರಲ್ಲ. ಹೆಂಗಸರು ಹಿಡಕೊಂಡು ಬಿಡ್ತಾರ.”

ಇನ್ನೊಂದು. ಸಾಬಮ್ಮ ಅಯ್ಯನವರ ಪೂಜೆಗೆಂದು ಹಗ್ಗದೊಳಗೇ ಇರುವ ಹಳೆಯ ಕಲ್ಲುಗಣಿಯ ಹೊಂಡದಿಂದ ತಣ್ಣೀರು ತರುತ್ತಾಳೆ. ಲಿಂಗಕ್ಕೆ ಕುದಿಸಿದ ನೀರು ನಡೆಯುವುದಿಲ್ಲವಂತೆ, ಆಗ ತಾನೇ ತುಂಬಿದ್ದೇ ಆಗಬೇಕಂತೆ. ಪೂಜೆಯಾದ ಮೇಲೆ ಆ ತೀರ್ಥವನ್ನು ಅವಳೂ ಕಣ್ಣಿಗೊತ್ತಿಕೊಂಡು ಕುಡಿದಳು. ಹೇಳಬೇಕೆಂದುಕೊಂಡೆ. ಮತ್ತೆ ಜಗಳ, ಮತ್ತೆ ಜಮಾದಾರ. ಇವರ ಪೂಜೆ ಇವರದು. ಇನ್ನು ನಾಲ್ಕೇ ದಿನ.

೧೭ ನವೆಂಬರ್, ಶುಕ್ರವಾರ

ಐದನೇ ದಿನ. ಇಲ್ಲಿಂದ ಗಾಡಿಗಳು ಕಾಣುವುದಿಲ್ಲ, ಕೇಳಿಸುತ್ತವೆ. ಕಲ್ಲಿನ ಪೇರುಗಳ ಆಚೆ ಎಲ್ಲೋ ಸೀಟಿ ಹಾಕುತ್ತವೆ. ಯಾವುದು ಮುಂಬಯಿಯದು, ಯಾವುದು ಸೇಡಂ ಕಡೆಯದು ಎಂದು ಈಗ ಕಣ್ಣು ಮುಚ್ಚಿ ಹೇಳಬಲ್ಲೆ. ತಗಡು ಕಾಯುತ್ತದೆ. ಹಗ್ಗದ ಈಚೆ ಎಷ್ಟು ಹೆಜ್ಜೆ ಎಂದು ಎಣಿಸಿದೆ: ಉದ್ದ ನೂರಾ ಹತ್ತು, ಅಗಲ ಅರವತ್ತೆರಡು.

ಹೊತ್ತು ಹೋಗಲೆಂದು ಒಂದು ತನಿಖೆ ನಡೆಸಿದೆ. ಹಂಡೆಗೆ ಮೊದಲು ಕಿಟ್ಲಿ ಎಂದವರು ಯಾರು? ಹಾಜಿಮಲಂಗ್ ಹೇಳಿದ, “ಸಾಬಮ್ಮ ಅಂದಳು, ನಾ ಅಂದೆ.” ಸಾಬಮ್ಮ ಹೇಳಿದಳು, “ನಾ ಯಾಕ ಅನ್ಲಿ? ಅಯ್ಯನೋರು ಅಂದ್ರು.” ಅಯ್ಯನವರು ಸಿಟ್ಟಾದರು. “ನಾ ಇವತ್ತಿಗೂ ಹಂಡೇವು ಅಂತೀನಿ.” ಹಾಗೆಂದು ಐದು ನಿಮಿಷಕ್ಕೆ, “ಕಿಟ್ಲಿ ಮ್ಯಾಲ ಮುಚ್ಚಳ ಇಡ್ರೋ” ಎಂದು ಕೂಗಿದರು. ಸಾಬಮ್ಮ ನಗುತ್ತ ನೆಲಕ್ಕೆ ಕುಸಿದಳು. ನಾನೂ ನಕ್ಕೆ, ಕಣ್ಣಲ್ಲಿ ನೀರು ಬರುವಷ್ಟು.

ಎರಡು ಮೂರು ದಿನದ ಹಿಂದೆ ನಮ್ಮೆದುರಿಗೇ ಹುಟ್ಟಿದ ಹೆಸರಿಗೇ ಸಾಕ್ಷಿಯಿಲ್ಲ. ಇನ್ನು ಎರಡು ಸಾವಿರ ವರ್ಷದ ಹಿಂದಿನದಕ್ಕೆ ಪಂಡಿತರು ನಕ್ಷತ್ರ ಹಾಕಿದ್ದು ಸರಿಯೇ.

೧೮ ನವೆಂಬರ್, ಶನಿವಾರ

ಮಧ್ಯಾಹ್ನ ಕಲ್ಲಿನ ಪೇರಿನ ಹಿಂದೆ ಹೋದವಳು ಸಾಬಮ್ಮನನ್ನು ನೋಡಿದೆ. ಬಗ್ಗಿ ಕುಳಿತಿದ್ದಳು. ನೆಲದ ಮೇಲೆ ಅಕ್ಕಿ ತೊಳೆದ ನೀರಿನಂಥದ್ದು. ನನ್ನನ್ನು ಕಂಡು ಕಾಲಿನಿಂದ ಮಣ್ಣು ಎಳೆದು ಮುಚ್ಚಿದಳು.

“ಶೇಂಗಾ ಹಿಂಡಿ ಜಾಸ್ತಿ ಆತು, ಅಷ್ಟ.”

“ಎಷ್ಟು ಸಲ?”

“ಮೂರು.” ನನ್ನ ಮುಂಗೈ ಹಿಡಿದುಕೊಂಡಳು. ಅವಳ ಬೆರಳು ನೀರಲ್ಲಿ ನೆನೆದ ಹಾಗೆ ಸುಕ್ಕಾಗಿದ್ದವು, ತಣ್ಣಗಿದ್ದವು. “ಹೇಳಬ್ಯಾಡವ್ವ. ಆ ಗುಡಿಸಲದಾಗ ಹೋದ ಮುದುಕ ಹ್ಯಾಂಗ ಬಂದ, ನೋಡೀದಿ. ನಾಳಿ ಒಂದಿನ. ನಾಡದು ಬಿಟ್ರ ಶಾಬಾದಿಗಿ ಹೋಗ್ತೀನಿ, ನನ್ನ ಗಂಡನ ಮುಖ ನೋಡ್ತೀನಿ. ಮಂದಿ ನನ್ನ ಸಲುವಾಗಿ ಮತ್ತ ಏಳ ದಿನ ಕುಂದ್ರಬೇಕೇನು? ನಿಂದೂ ಪರೀಕ್ಷಾ ಅದ.”

ನಾನು ಕೈ ಬಿಡಿಸಿಕೊಳ್ಳಲಿಲ್ಲ.

ಸಂಜೆ

ಜಮಾದಾರ ಎಣಿಸಿ ಹೋದ. ಇಪ್ಪತ್ತೈದು, ಎಲ್ಲರೂ ಸರಿ.

ಹೇಳಲಿಲ್ಲ.

೧೯ ನವೆಂಬರ್, ಭಾನುವಾರ

ಹೇಳಿದೆ.

ಬೆಳಗಿನ ಎಣಿಕೆಯಲ್ಲಿ ಸಾಬಮ್ಮ ಗೋಡೆಗೆ ಒರಗಿ ನಿಂತಿದ್ದಳು. ಕಣ್ಣು ಒಳಗೆ ಹೋ‌ಗಿದ್ದವು, ಒಂದೇ ದಿನದಲ್ಲಿ ಮುದುಕಿಯಾದ ಹಾಗೆ. ಶೌಕತ ಅಲಿ ಒಬ್ಬೊಬ್ಬರನ್ನೂ “ತಬಿಯತ್ ಹ್ಯಾಂಗದ?” ಎನ್ನುತ್ತ ಬಂದ. ಅವಳು “ಚಲೋ ಅದರಿ” ಎಂದಳು, ದನಿ ಹೊರಡಲಿಲ್ಲ. ಅವನು ಮುಂದೆ ಹೋಗಿಬಿಟ್ಟ. ನನ್ನ ಸರದಿ ಬಂದಾಗ ನನ್ನ ತಬಿಯತ್ತಿನ ಬದಲು ಅವಳದನ್ನು ಹೇಳಿದೆ. ಹೊಂಡದ ನೀರು, ಪೂಜೆ, ತೀರ್ಥ, ನಾನು ಬುಧವಾರವೇ ನೋಡಿ ಬಾಯಿ ಮುಚ್ಚಿಕೊಂಡಿದ್ದು ಎಲ್ಲವೂ ಒಂದರ ಹಿಂದೆ ಒಂದು ಬಂತು.

ಏಳನೇ ದಿನ ಹೋಗಿ ಎಣಿಕೆ ಸೊನ್ನೆಯಾಯಿತು. ಯಾರೋ ನೆಲಕ್ಕೆ ಚರಿಗೆ ಅಪ್ಪಳಿಸಿದರು. “ಒಂದಿನ ಬಾಯಿ ಮುಚ್ಚಿದ್ರ ಮೇಮಸಾಬರ ಗಂಟೇನು ಹೋಗ್ತಿತ್ತು?” ಎಂದು ಒಬ್ಬಳು. “ಬುಧವಾರನ ಹೇಳಿದ್ರ ಇದು ಆಗ್ತಿರಲಿಲ್ಲ,” ಎಂದು ಇನ್ನೊಬ್ಬಳು. ಎರಡೂ ನಿಜ.

ಸಾಬಮ್ಮನನ್ನು ಇಬ್ಬರು ಸಿಪಾಯಿಗಳು ಎತ್ತಿಕೊಂಡಾಗ ಅವಳು ನನ್ನನ್ನು ನೋಡಿದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

“ಒಬ್ಬಾಕಿನ ಹ್ಯಾಂಗ ಕಳಿಸ್ತೀರಿ?” ಎಂದು ಆಶಾಬಿ ಎದ್ದಳು. ಸೆರಗು ಬಿಗಿದು ಅವರ ಹಿಂದೆ ಗುಡಿಸಲೊಳಗೆ ಹೋದಳು. ಒಳಗೆ ಹೋದವರು ಹೊರಗೆ ಬರುವಂತಿಲ್ಲ, ಅದು ಅವಳಿಗೂ ಗೊತ್ತು. ರೇಲ್ವೆ ಡಾಕ್ಟರರ ಕಾಂಪೌಂಡರ್ ಹೇಳಿದ, ಕುದಿಸಿ ಆರಿಸಿದ ನೀರು, ಉಪ್ಪು ಹಾಕಿದ ತಿಳಿ ಗಂಜಿ, ಚಮಚ ಚಮಚ, ನಿಲ್ಲಿಸಬಾರದು. ನಾನು ಹೊಸ್ತಿಲಾಚೆ ನಿಂತು ಆಶಾಬಿ ಚಾಚಿದ ಬಟ್ಟಲಿಗೆ ಕಿಟ್ಲಿಯಿಂದ ಹೊಯ್ಯುತ್ತೇನೆ. ಬೆಳಗಿನಿಂದ ಹದಿನಾಲ್ಕು ಬಟ್ಟಲು. ಅವಳ ಹೊಟ್ಟೆಯಲ್ಲಿ ಉಳಿದದ್ದು ಎಷ್ಟೋ.

ಅಯ್ಯನವರು ಇವತ್ತು ಊಟ ಮಾಡಲಿಲ್ಲ. ಶೆಡ್ಡಿನ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಕುಳಿತಿದ್ದಾರೆ.

೨೦ ನವೆಂಬರ್, ಸೋಮವಾರ

ಹೊತ್ತು ಹೊತ್ತಿಗೆ ನೀರು. ಸಾಬಮ್ಮಕ್ಕನ ನಾಡಿ ಸಿಗುತ್ತಿಲ್ಲ ಎಂದು ಆಶಾಬಿ ಒಳಗಿನಿಂದ ಕೂಗಿದರು, ಸ್ವಲ್ಪ ಹೊತ್ತಿಗೆ ಸಿಕ್ಕಿತು ಎಂದು ಮತ್ತೆ ಕೂಗಿದರು. ನಡುವಿನ ಹೊತ್ತು ಎಷ್ಟಿತ್ತೋ ತಿಳಿಯದು.

ಬೆಳಿಗ್ಗೆ ಅಯ್ಯನವರು ಪೂಜೆಯ ತಂಬಿಗೆ ಹಿಡಿದು ಹಂಡೆಯ ಹತ್ತಿರ ಬಂದು ನಿಂತರು. ಹಾಜಿಮಲಂಗ್ ಎದ್ದು ಸರಿಯಲು ಹೋದ. “ಕುಂದ್ರೋ ಮಾರಾಯ, ಎಲ್ಲಿಗಿ ಓಡ್ತಿ?” ಎಂದು ಅವನನ್ನು ಗದರಿಸಿ, ನನ್ನ ಕಡೆ ತಿರುಗಿದರು. “ಇದರಾಗಿಂದ ಹಾಕವ್ವ. ಆರಿಸಿ ಹಾಕು.” ಲಿಂಗಕ್ಕೋ ಎಂದೆ. “ಹೂಂ. ಆತ ಏನೂ ಅನ್ನಲ್ಲ. ಅನ್ನಾಂವ ನಾನ ಇದ್ದೆ.” ಹೊಯ್ಯುವಾಗ ತಂಬಿಗೆ ಕಿಟ್ಲಿಯ ಮೂತಿಗೆ ತಾಗಿ ಠಣ್ ಎಂದಿತು. ಅವರು ತಂಬಿಗೆ ಸರಿಸಲಿಲ್ಲ, ನಾನು ತುಂಬುವ ತನಕ ಹೊಯ್ದೆ.

ಡಾಕ್ಟರ್ ಸಾಹೇಬರು ಹನ್ನೆರಡಕ್ಕೆ ಬಂದರು. ನನ್ನ ನಾಲಿಗೆ, ಕಣ್ಣು, ನಾಡಿ ನೋಡಿದರು. ಇಂಗ್ಲಿಷಿನಲ್ಲಿ ಮಾತಾಡಿದರು, ಬಹಳ ಮೃದುವಾಗಿ. ನನ್ನ ತಂದೆಯ ಹೆಸರು ಶಹಾಬಾದಿನಲ್ಲಿ ಯಾರೋ ಹೇಳಿದರಂತೆ. ನೀನು ಈ ಜನರ ಜೊತೆ ಇರಬೇಕಾದವಳಲ್ಲ, ಇವತ್ತಿನ ಮುಂಬಯಿ ಗಾಡಿಗೆ ಹೋಗು, ನಾನು ಬರೆದುಕೊಡುತ್ತೇನೆ ಎಂದರು. ಈ ಜನ ಎಂದರೆ ಯಾರು ಎಂದು ಒಂದು ಗಳಿಗೆ ತಿಳಿಯಲಿಲ್ಲ. ಚೀಟಿಗೆ ಸಹಿ ಮಾಡಿ ಕೊಟ್ಟರು. ಥ್ಯಾಂಕ್ಸ್ ಹೇಳಿದೆ. ಟ್ರಂಕು ಕಟ್ಟಿದೆ. ಪ್ರಬಂಧ ಮೇಲೆಯೇ ಇಟ್ಟುಕೊಂಡೆ.

ಗಾಡಿ ಮೂರಕ್ಕೆ. ಎರಡಕ್ಕೆ ಹೊರಟರೆ ನಡೆದು ಮುಟ್ಟಬಹುದಿತ್ತು. ಎರಡಕ್ಕೆ ಸರಿಯಾಗಿ ಗಂಜಿಯ ಹೊತ್ತು. ಹಸಿ ಕಟ್ಟಿಗೆ ಬಂದು ಹಂಡೆ ಇನ್ನೂ ಕುದಿ ಹತ್ತಿರಲಿಲ್ಲ. ಹಾಜಿಮಲಂಗನ ಕಣ್ಣಿಗೆ ಹೊಗೆ ಅಡರಿ ನೀರು ಸುರಿಯುತ್ತಿತ್ತು. ಅಯ್ಯನವರಿಗೆ ಕಿಟ್ಲಿ ಎತ್ತಿ ಹೊಯ್ದು ರೂಢಿಯಿಲ್ಲ, ಅರ್ಧ ಚೆಲ್ಲುತ್ತಾರೆ. ಒಂದು ಸುತ್ತು ಮುಗಿಸಿ ಹೋದರಾಯಿತು ಎಂದುಕೊಂಡೆ. ಕುದಿಯಿತು. ಆರಿಸಬೇಕಲ್ಲ. ಆರಿಸಿದೆ. ಗುಡಿಸಲಿನ ಬಾಗಿಲಿಗೆ ಹೋಗಿ ಮೂರನೇ ಬಟ್ಟಲು ಹೊಯ್ಯುವಾಗ ಸೀಟಿ ಕೇಳಿಸಿತು. ಮುಂಬಯಿಯದು.

ಆಶಾಬಿ ಬಟ್ಟಲು ಹಿಂದಕ್ಕೆ ತೆಗೆಯಲಿಲ್ಲ. “ಹಾಕು ಬೇಟಿ, ತುಂಬಿಲ್ಲ.”

ಹಸಿ ಕಟ್ಟಿಗೆಯಿಂದ ಹೀಗಾಯಿತು. ನಾಳೆಯಿಂದ ಕಟ್ಟಿಗೆಯನ್ನು ತಗಡಿನ ಮೇಲೆ ಒಣಗಲು ಹಾಕಬೇಕೆಂದು ಜಮಾದಾರನಿಗೆ ಹೇಳಿದ್ದೇನೆ.

೨೨ ನವೆಂಬರ್, ಬುಧವಾರ

ಕಟ್ಟಿಗೆ ಒಣಗಿದೆ, ನೀರು ಬೇಗ ಕುದಿಯುತ್ತದೆ. ತೋಳು ಈಗ ನೋಯುವುದಿಲ್ಲ. ಗಂಜಿ ಇವತ್ತು ನಾನೇ ಕಾಸಿದೆ.

ಹನ್ನೊಂದರ ಹೊತ್ತಿಗೆ ಸಾಬಮ್ಮಕ್ಕ ಎದ್ದು ಕುಳಿತಳು. ಆಶಾಬಿ ಬೆನ್ನಿಗೆ ಕೈ ಕೊಟ್ಟಿದ್ದರು. ಬಟ್ಟಲನ್ನು ತಾನೇ ಎರಡೂ ಕೈಯಲ್ಲಿ ಹಿಡಿದು ಒಂದು ಗುಟುಕು ಕುಡಿದು, ಮುಖ ಕಿವುಚಿ, ಬಾಗಿಲಾಚೆ ನಿಂತಿದ್ದ ನನ್ನನ್ನು ದಿಟ್ಟಿಸಿದಳು. ನಾಲ್ಕು ದಿನದ ಮೇಲೆ ಮೊದಲ ಮಾತು.

“ಉಪ್ಪು ಯಾರು ಹಾಕ್ಯಾರಿದಕ್ಕ?”

“ನಾನು.”

“ಗಂಜಿ ಕಾಸೂದೂ ಕಲಿಸಿಲ್ಲೇನು ನಿಮ್ಮವ್ವ ನಿನಗ?”

ಇಲ್ಲ, ಹಾಸ್ಟೆಲಿನಲ್ಲಿ ಇದ್ದೆ ಎಂದೆ.

“ಹಂಗಂದ್ರ ಇಲ್ಲೇ ಕುಂದ್ರು,” ಎಂದಳು. “ಒಳಗ ಬರಬ್ಯಾಡ. ಅಲ್ಲೇ. ಹೇಳ್ತೀನಿ, ಕೇಳಿಕೋ.”

ಕುಳಿತು ಕೇಳಿಕೊಂಡೆ. ಸಂಜೆಯದಕ್ಕೆ ಉಪ್ಪು ಅರ್ಧ ಹಾಕಿದೆ, ಎರಡು ಬಟ್ಟಲು ಕುಡಿದಳು. ಹೊಸ ಎಣಿಕೆಯ ಮೂರನೇ ದಿನ ಇವತ್ತು. ಇಪ್ಪತ್ತೈದೂ ಜನ ಇದ್ದೇವೆ.